‘ದುಂದು’ ಎಲ್ಲಿಂದ ಬಂತು? ಛತ್ರದ ಊಟದಿಂದ ಶುರುವಾದ ಜಗಳ

ಗುಬ್ಬಿಯವನು:
ಹೋದ ಭಾನುವಾರ ತುಮಕೂರಿನ ಒಂದು ಛತ್ರದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಎಲೆ ಮೇಲೆ ನಾಲ್ಕು ಥರ ಸಿಹಿ. ಪಕ್ಕದವರು ಹೋಳಿಗೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡರು, ಉಳಿದದ್ದರ ಮೇಲೇ ಅನ್ನ ಬಡಿಸಿಕೊಂಡರು. ಪ್ರತಿ ಎಲೆ ಮುಂದೆ ಅರ್ಧ ಲೀಟರ್ ನೀರಿನ ಬಾಟಲಿ. ಎರಡು ಗುಟುಕು ಕುಡಿದು ಬಿಟ್ಟು ಎದ್ದವರೇ ಜಾಸ್ತಿ. ಅಮ್ಮ ನನ್ನ ಕಿವಿಯಲ್ಲಿ "ಎಂಥಾ ದುಂದಪ್ಪಾ ಇದು" ಅಂದರು. ಎದುರಿಗಿದ್ದ ಚಿಂತಾಮಣಿಯ ಚಿಕ್ಕಮ್ಮ "ದುಬಾರಾ, ಬರೀ ದುಬಾರಾ" ಅಂದರು. ಬೈಗುಳ ಒಂದೇ, ಪದ ಎರಡು. ಈ ದುಂದು ಅನ್ನುವುದು ಎಲ್ಲಿಂದ ಬಂತು? ಯಾರಿಗಾದರೂ ಗೊತ್ತಾ?

ಶಿರಾ ಗೇಟ್:
ಸುಲಭ ಗುರೂ. ದುಂದುಭಿ! ನಗಾರಿ. ಡಂಗುರ ಹೊಡೆದುಕೊಂಡು ಖರ್ಚು ಮಾಡುವುದು ದುಂದುವೆಚ್ಚ. ನಾನು ಹುಟ್ಟಿದ್ದು 1982ರಲ್ಲಿ, ದುಂದುಭಿ ಸಂವತ್ಸರ. ಅದಕ್ಕೇ ನನ್ನ ಕೈಯಲ್ಲಿ ಹದಿನೈದನೇ ತಾರೀಕು ದಾಟಿದರೆ ದುಡ್ಡು ನಿಲ್ಲಲ್ಲ.

ಹಳೇ ಮೇಷ್ಟ್ರು:
ಸಂಬಳ ನಿಲ್ಲದೇ ಇರೋದಕ್ಕೆ ಸಂವತ್ಸರ ಬೈಯಬೇಡಿ. ಶಬ್ದ ಹೋಲುತ್ತೆ ಅಂತ ನೆಂಟಸ್ತಿಕೆ ಹೇಳೋದಾದರೆ ದುಂಡುಮಲ್ಲಿಗೆಯನ್ನೂ ತಂದು ಕೂರಿಸಬಹುದು. ‘ಭಿ’ ಎಲ್ಲಿಗೆ ಹೋಯ್ತು? ನಗಾರಿಯಿಂದ ಖರ್ಚಿಗೆ ಅರ್ಥ ಹೇಗೆ ಬಂತು? ನಡುವಿನ ಒಂದು ಮೆಟ್ಟಿಲಾದರೂ ತೋರಿಸಿ.

ನನ್ನ ಅನುಮಾನ ಬೇರೆ ಕಡೆ. ‘ಅಂದಾದುಂದಿ’ ಕೇಳಿದ್ದೀರಲ್ವಾ? ಹೇಳೋರು ಕೇಳೋರು ಇಲ್ಲದ ಕಾರುಬಾರು. ಅದು ಹಿಂದೂಸ್ತಾನಿಯ ಅಂಧಾಧುಂಧ್. ಧುಂಧ್ ಅಂದರೆ ಮಂಜು, ಮಬ್ಬು. ಮರಾಠಿಯಲ್ಲಿ ಧುಂದ್ ಅಂದರೆ ಮತ್ತೇರಿದವನು. ನಮ್ಮ ಬಾಯಿಗೆ ಬಂದಾಗ ಮಹಾಪ್ರಾಣ ಬಿದ್ದುಹೋಗೋದು ಹೊಸದಲ್ಲ. ಕಣ್ಣಿಗೆ ಮಬ್ಬು ಕವಿದವನ ಹಾಗೆ ಖರ್ಚು ಮಾಡೋದು ದುಂದು. ಅರ್ಥ ಕೂಡುತ್ತೆ.

ಮುಳಬಾಗಿಲು ದೋಸೆ:
ಮೇಷ್ಟ್ರೇ, ಮರಾಠಿ, ಹಿಂದೂಸ್ತಾನಿ ಪದ ನಮ್ಮ ಕಡೆಗೆ ಯಾವ ದಾರಿಯಲ್ಲಿ ಬರಬೇಕು?

ಹಳೇ ಮೇಷ್ಟ್ರು:
ನಿಮ್ಮ ಮನೆ ಬಾಗಿಲಿಗೇ ಬಂದಿತ್ತು! ಶಿವಾಜಿಯ ತಂದೆ ಶಹಾಜಿಯ ಜಹಗೀರಿನಲ್ಲಿ ಬೆಂಗಳೂರಿನ ಜೊತೆ ಕೋಲಾರವೂ ಇತ್ತು. ಈ ಕಡೆ ಶಿರಾ 1687ರಿಂದ ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ. ಲೆಕ್ಕ ಬರೆದವರ ಭಾಷೆ ಉಳಿಯುತ್ತೆ ಸ್ವಾಮಿ. ಖರ್ಚು, ಜಮಾ, ಬಾಕಿ, ವಸೂಲಿ, ಇದರಲ್ಲಿ ಯಾವುದು ನಮ್ಮದು? ಎಲ್ಲ ಆ ಕಡತಗಳ ಜೊತೆ ಬಂದದ್ದು. ದೌಲತ್ತು ನೋಡಿ. ಅಲ್ಲಿ ಸಂಪತ್ತು ಅಂತ ಅರ್ಥ. ನಮ್ಮಲ್ಲಿ ಸಂಪತ್ತು ಇರುವವನ ಜಂಬ ಆಯ್ತು.

ಗೌರಿಬಿದನೂರು:
ಒಪ್ಪಲ್ಲ. ಹೊರಗಿನ ಪದ ಆಗಿದ್ದರೆ ‘ವೆಚ್ಚ’ದ ಜೊತೆ ಯಾಕೆ ಸೇರಿಕೊಂಡಿತು? ವೆಚ್ಚ ಸಂಸ್ಕೃತದ ‘ವ್ಯಯ’ದಿಂದ ಬಂದ ತದ್ಭವ. ಹಳಗನ್ನಡದ ಬೀಯವೂ ಅದೇ ವ್ಯಯದ್ದು. ಬಜೆಟ್ಟಿಗೆ ಆಯವ್ಯಯ ಅಂತೀವಲ್ಲ, ಆ ವ್ಯಯ. ತದ್ಭವದ ಜೊತೆ ಅಚ್ಚಗನ್ನಡ ಪದ ಸಲೀಸಾಗಿ ಸಮಾಸ ಆಗುತ್ತೆ, ನೇರ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದಾಗ ಬರುವ ಅರಿಸಮಾಸದ ದೋಷವೂ ಇಲ್ಲ. ಹಾಗಾಗಿ ದುಂದು ನಮ್ಮದೇ. ತೆಲುಗಿನಲ್ಲಿ ‘ದುಂದುಡುಕು’ ಇದೆ, ಹಿಂದೆ ಮುಂದೆ ನೋಡದೆ ನುಗ್ಗುವುದು. ನಮ್ಮ ‘ದುಡುಕು’ ಅದರ ತಂಗಿ. ದುಡುಕಿ ಮಾಡಿದ ಖರ್ಚು ದುಂದು. ಇದಕ್ಕೆ ಶಹಾಜಿ ಯಾಕೆ ಬೇಕು?

ಹಳೇ ಮೇಷ್ಟ್ರು:
ದುಡುಕು ನನಗೂ ಹೊಳೆದಿತ್ತು. ಒಳ್ಳೇ ಊಹೆ. ಆದರೆ ಸಮಾಸದ ವಾದ ನಿಲ್ಲಲ್ಲ. ಮನೆಯಲ್ಲಿ ಯಾರಾದರೂ "ದುಂದುವೆಚ್ಚ ಮಾಡಬೇಡ" ಅಂತಾರಾ? "ದುಂದು ಮಾಡಬೇಡ" ಅಂತಾರೆ, ಇಲ್ಲ "ದುಂದು ಖರ್ಚು" ಅಂತಾರೆ. ದುಂದುವೆಚ್ಚ ಪೇಪರಿನವರ ಪದ. ಅದು ಯಾರ ಜೊತೆ ಸೇರಿತು ಅನ್ನುವುದರಿಂದ ಜಾತಕ ಬರೆಯೋಕೆ ಆಗಲ್ಲ.

ಚಿಂತಾಮಣಿ ಅಕ್ಕ:
ನಮ್ಮ ದುಬಾರಾನ ಎಲ್ಲರೂ ಮರೆತೇಬಿಟ್ಟಿರಿ. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ‘ದುಬಾರಾ ಖರ್ಚು’ ಅನ್ನೋದು ಎರಡೂ ಕಡೆ ಓಡುತ್ತೆ. ಹಿಂದಿಯ ದೋಬಾರಾ ಅಂದರೆ ಎರಡನೇ ಸಲ. ಒಂದು ಸಾಕಾಗುವ ಕಡೆ ಎರಡು ಮಾಡೋದು ಅಂತ ನಾನು ಅಂದುಕೊಂಡಿದ್ದೀನಿ. ನೂರು ಜನಕ್ಕೆ ಇನ್ನೂರು ಎಲೆ. ಸರಿಯೋ ತಪ್ಪೋ, ಮೇಷ್ಟ್ರು ಹೇಳಲಿ.

ಮುಳಬಾಗಿಲು ದೋಸೆ:
ನೀರಿನ ಬಾಟಲಿ ವಿಷಯಕ್ಕೆ ಬರ್ತೀನಿ. "ದುಡ್ಡನ್ನು ನೀರಿನ ಥರ ಖರ್ಚು ಮಾಡಿದ" ಅನ್ನೋ ಮಾತನ್ನು ಕಾವೇರಿ ದಡದವರೇ ಮಾಡಿರಬೇಕು. ನಮ್ಮಲ್ಲಿ ಸಾವಿರ ಅಡಿ ಕೊರೆದರೂ ಕೊಳವೆಯಿಂದ ಧೂಳು ಬಂದ ಬಾವಿಗಳಿವೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂತು. ಅದೂ ಬೆಂಗಳೂರಿನವರು ಬಳಸಿ ಬಿಟ್ಟಿದ್ದನ್ನು ಶುದ್ಧ ಮಾಡಿ ಕಳಿಸಿದ್ದು. ಕೋಲಾರದವನು ನೀರಿನ ಥರ ಖರ್ಚು ಮಾಡಿದ ಅಂದರೆ ಕೊಡದಲ್ಲಿ ಅಳೆದು ಅಳೆದು ಮಾಡಿದ ಅಂತ.

ಚಿಂತಾಮಣಿ ಅಕ್ಕ:
ಹಹ್ಹಾ. ನಲ್ಲಿ ತೊಟ್ಟಿಕ್ಕಿದರೂ ನಮ್ಮತ್ತೆ ರಾತ್ರಿ ಎದ್ದು ಕೆಳಗೆ ಬಿಂದಿಗೆ ಇಡ್ತಾರೆ. "ನೀರು ಪೋಲಾಗುತ್ತೆ ಕಣೇ" ಅಂತ.

ಹಳೇ ಮೇಷ್ಟ್ರು:
ಅಕ್ಕ, ನೀವು ಸುಮ್ನೆ ಬರೆದಿರಿ, ನನಗೆ ಒಳ್ಳೇ ಸುಳಿವು ಸಿಕ್ಕಿತು. ನಿಮ್ಮತ್ತೆ ‘ಪೋಲಾಗುತ್ತೆ’ ಅಂದರು. ‘ದುಂದಾಗುತ್ತೆ’ ಅನ್ನಲಿಲ್ಲ. ಯಾರೂ ಅನ್ನಲ್ಲ. ನೀರು ತಾನಾಗಿಯೇ ಪೋಲಾಗಬಹುದು, ಕಾಳು ಮೂಟೆಯ ತೂತಿನಿಂದ ಪೋಲಾಗಬಹುದು. ದುಂದು ತಾನಾಗಿ ಆಗಲ್ಲ. ಅದಕ್ಕೆ ಮಾಡುವವನೊಬ್ಬ ಬೇಕು. ‘ದುಂದುಗಾರ’ ಅಂತ ಪದವೇ ಇದೆ. ಧುಂದ್ ಆಗಲಿ, ದುಡುಕು ಆಗಲಿ, ಎರಡೂ ಮನುಷ್ಯನ ಸ್ಥಿತಿ ಹೇಳುವ ಪದ, ದುಡ್ಡಿನ ಮೊತ್ತ ಹೇಳುವುದಲ್ಲ. ಮೂಲ ಯಾವುದೇ ಇರಲಿ, ಪದ ಬೆರಳು ತೋರಿಸೋದು ಕಣ್ಣು ಮುಚ್ಚಿಕೊಂಡವನ ಕಡೆಗೆ.

ಗುಬ್ಬಿಯವನು:
ಹಾಗಾದರೆ ಸಿದ್ಧಗಂಗೆ ಮಠದ ದಾಸೋಹ? ದಿನಾ ಸಾವಿರಾರು ಮಕ್ಕಳಿಗೆ ಊಟ. ಅಲ್ಲಿಗೆ ಹೋಗುವ ಅಕ್ಕಿ, ರಾಗಿ ಲೆಕ್ಕ ಹಾಕಿದರೆ ಈ ಮದುವೆ ಯಾವ ಮೂಲೆಗೆ? ಆದರೂ ಅದನ್ನು ಯಾರೂ ದುಂದು ಅಂದಿದ್ದು ಕೇಳಿಲ್ಲ.

ಹಳೇ ಮೇಷ್ಟ್ರು:
ಅದೇ ನಾನು ಹೇಳಿದ್ದು.

ನಂದಿ ತಪ್ಪಲು:
ಯಾರೂ ಇನ್ನೂ ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿ ಕತೆ ತಂದಿಲ್ಲ, ಆಶ್ಚರ್ಯ. ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಮುದ್ದೇನಹಳ್ಳಿ ನಮ್ಮ ಪಕ್ಕ, ಶಾಲೆ ಭಾಷಣದಲ್ಲಿ ನಾನೇ ಮೂರು ಸಲ ಹೇಳಿದ್ದೀನಿ.

ಶಿರಾ ಗೇಟ್:
ಅದನ್ನೇ ಚಾಣಕ್ಯನ ದೀಪ ಅಂತಲೂ ಹೇಳ್ತಾರೆ. ಒಂದೇ ಬತ್ತಿ ಎಷ್ಟು ಮನೆ ಬೆಳಗುತ್ತೋ!

ಮಾಲೂರು ಮಾವ:
ನಾನು ಹೆಣ್ಣಿನ ತಂದೆ, ಎರಡು ವರ್ಷದ ಹಿಂದೆ ಮದುವೆ ಮಾಡಿದವನು. ಹೊರಗೆ ಕೂತು ದುಂದು ಅನ್ನೋದು ಸುಲಭ. ಮುಯ್ಯಿ ಪುಸ್ತಕ ತೆಗೆದು ನೋಡಿ. ಮೂವತ್ತು ವರ್ಷ ಊರಿನ ಮದುವೆಗೆಲ್ಲ ಹೋಗಿ ಉಂಡಿದ್ದೀನಿ, ಮುಯ್ಯಿ ಓದಿಸಿದ್ದೀನಿ. ನನ್ನ ಮನೆಯಲ್ಲಿ ಮದುವೆ ಆದಾಗ ಅವರನ್ನೆಲ್ಲ ಕರೆಯಬೇಡವಾ? ಬರೀ ಅನ್ನ ಸಾರು ಹಾಕಿ ಕಳಿಸಿದರೆ ಹತ್ತು ವರ್ಷ ಆಡಿಕೊಳ್ತಾರೆ. ನಾನು ಕಣ್ಣು ಮುಚ್ಚಿ ಖರ್ಚು ಮಾಡಲಿಲ್ಲ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಲೆಕ್ಕ ಹಾಕಿ, ಸಾಲ ಮಾಡಿ ಖರ್ಚು ಮಾಡಿದ್ದು. ಮೇಷ್ಟ್ರ ಲೆಕ್ಕದಲ್ಲಿ ಇದು ದುಂದಾ, ಅಲ್ವಾ?

ಗುಬ್ಬಿಯವನು:
ಮಾವ, ಬೇಜಾರಾಗಬೇಡಿ. ನಾನು ನಿಮ್ಮನ್ನು ಅಂದಿದ್ದಲ್ಲ. ಆ ಹೋಳಿಗೆ ಮೇಲೆ ಅನ್ನ ಹಾಕಿಸಿಕೊಂಡವರನ್ನು ಅಂದಿದ್ದು.

ಹಳೇ ಮೇಷ್ಟ್ರು:
ಮಾವ, ನಿಮ್ಮದಕ್ಕೆ ದುಂದು ಅನ್ನೋ ಪದ ಹೊಂದಲ್ಲ. ಯಾವ ಪದ ಹೊಂದುತ್ತೆ ಅಂತ ಯೋಚಿಸಿದೆ, ಸಿಗಲಿಲ್ಲ. ದುಂದುಗಾರ ಎಲೆ ಬಿಟ್ಟು ಎದ್ದವನು, ಬಡಿಸಿದವರಲ್ಲ.

ಮಾಲೂರು ಮಾವ:
ಸರಿ ಬಿಡಿ. ನಮ್ಮ ಛತ್ರದಲ್ಲಿ ಉಳಿದ ಅನ್ನವನ್ನು ಹಸು ಸಾಕಿದವರು ಬಂದು ತಗೊಂಡು ಹೋದರು. ಬಾಟಲಿ ಮಾತ್ರ ಮೂರು ಚೀಲ ಆಯ್ತು.

ಚಿಂತಾಮಣಿ ಅಕ್ಕ:
ಗುಬ್ಬಿ ತಮ್ಮ, ಒಂದು ಮಾತು. ನಿಮ್ಮ ಕಡೆ ಬಂದಾಗ ನೋಡಿದ್ದೀನಿ, ನಾಲ್ಕು ಜನದ ಸಾರಿಗೆ ಇಡೀ ತೆಂಗಿನಕಾಯಿ ರುಬ್ಬುತ್ತೀರಿ. ನಾವು ಒಂದು ಹೋಳು ಒಡೆದು ಎರಡು ದಿನ ಮಾಡ್ತೀವಿ. ನಿಮ್ಮಮ್ಮನ್ನ ಕೇಳಿ, ಅದಕ್ಕೇನಂತಾರೆ?

ಗುಬ್ಬಿಯವನು:
ಕೇಳಿದೆ ಅಕ್ಕ. "ಕಾಯಿ ಹಾಕದಿದ್ದರೆ ಅದು ಸಾರಾ?" ಅಂದರು.