ನದಿಯಡಿಯ ಸುರಂಗ: ‘ಕೊರೆದರು’ ಅನ್ನಬಹುದೇ?

ನ್ಯೂಯಾರ್ಕಿನ ಹಳೆಯ ಪೆನ್ಸಿಲ್ವೇನಿಯಾ ಸ್ಟೇಷನ್ ಕಟ್ಟಿದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಬಲ್ಲವರನ್ನು ಕೇಳಬೇಕಾದದ್ದು ಮುಖ್ಯವಾಗಿ ಒಂದು ಕ್ರಿಯಾಪದದ ಬಗ್ಗೆ.

ಮೊದಲು ಹಿನ್ನೆಲೆ. ಪೆನ್ಸಿಲ್ವೇನಿಯಾ ರೈಲು ಕಂಪನಿಯ ಹಳಿಗಳು ಹಡ್ಸನ್ ನದಿಯ ಆಚೆ, ನ್ಯೂಜೆರ್ಸಿ ದಡದಲ್ಲೇ ಮುಗಿಯುತ್ತಿದ್ದವು. ಮ್ಯಾನ್‌ಹಟನ್‌ಗೆ ಹೋಗುವವರು ಇಳಿದು ದೋಣಿ ಹತ್ತಬೇಕಿತ್ತು. ಅಧ್ಯಕ್ಷ ಅಲೆಕ್ಸಾಂಡರ್ ಕಸಾಟ್ ನದಿಯ ಕೆಳಗೇ ರೈಲು ಓಡಿಸಲು ನಿರ್ಧರಿಸಿದ. ಅಷ್ಟು ಉದ್ದದ ಸುರಂಗದಲ್ಲಿ ಕಲ್ಲಿದ್ದಲ ಹೊಗೆ ಉಸಿರು ಕಟ್ಟಿಸುತ್ತದೆ, ಹಾಗಾಗಿ ವಿದ್ಯುತ್ ಎಂಜಿನ್ ಬೇಕಾಯಿತು. ಹಡ್ಸನ್ ಕೆಳಗೆ 2 ಸುರಂಗ, ಈಸ್ಟ್ ನದಿಯ ಕೆಳಗೆ 4. ನಡುವೆ ಮ್ಯಾನ್‌ಹಟನ್‌ನಲ್ಲಿ ಸ್ಟೇಷನ್. 1910ರಲ್ಲಿ ರೈಲುಗಳ ಓಡಾಟ ಶುರುವಾಯಿತು. ಕಸಾಟ್ ಅದನ್ನು ನೋಡಲಿಲ್ಲ, 1906ರಲ್ಲೇ ತೀರಿಕೊಂಡಿದ್ದ.

ಈಗ ಪ್ರಶ್ನೆ. ‘ಸುರಂಗ ಕೊರೆದರು’ ಅಂತ ನಾವೆಲ್ಲ ಸಲೀಸಾಗಿ ಬರೆಯುತ್ತೇವೆ. ಪತ್ರಿಕೆಗಳಲ್ಲೂ ‘ಸುರಂಗ ಕೊರೆಯುವ ಯಂತ್ರ’ ಅಂತಲೇ ಇರುತ್ತದೆ. ಕೊರೆಯಬೇಕಾದರೆ ಎದುರಿಗೆ ಗಟ್ಟಿಯಾದದ್ದು ಇರಬೇಕು, ಅಲ್ವಾ? ನ್ಯೂಜೆರ್ಸಿ ಕಡೆಯ ಬರ್ಗನ್ ಹಿಲ್‌ನಲ್ಲಿ ಬಂಡೆ ಇತ್ತು. ಅಲ್ಲಿ ತೂತು ಹಾಕಿ, ಮದ್ದಿಟ್ಟು ಸಿಡಿಸಿದರು. ಅದಕ್ಕೆ ‘ಕೊರೆ’ ಸರಿಯೇ. ಹಡ್ಸನ್ ಅಡಿಯಲ್ಲಿ ಇದ್ದದ್ದು ಬರೀ ಹೂಳು. ಅಲ್ಲಿ ಮುಂದೆ ಒಂದು ದೊಡ್ಡ ಉಕ್ಕಿನ ಶೀಲ್ಡ್, ಅಂದರೆ ಸುರಂಗದಷ್ಟು ಅಗಲದ ಉರುಳೆ, ಇಟ್ಟು, ಅದನ್ನು ಹಿಂದಿನಿಂದ ಜಾಕ್‌ಗಳಿಂದ ಒತ್ತಿ ಮುಂದಕ್ಕೆ ನೂಕುತ್ತಿದ್ದರು. ಸ್ವಲ್ಪ ಹೂಳು ಅದರ ಬಾಗಿಲುಗಳಿಂದ ಒಳಗೆ ಬರುತ್ತಿತ್ತು, ಉಳಿದದ್ದು ಪಕ್ಕಕ್ಕೆ ಸರಿಯುತ್ತಿತ್ತು. ಶೀಲ್ಡ್ ಸರಿದ ಜಾಗದಲ್ಲಿ ಎರಕದ ಕಬ್ಬಿಣದ ತುಂಡುಗಳನ್ನು ಬೋಲ್ಟ್ ಮಾಡಿ ಒಂದು ಬಳೆ. ಮತ್ತೆ ನೂಕು, ಮತ್ತೊಂದು ಬಳೆ. ಹೊರ ಅಳತೆಯಲ್ಲಿ ಅದರ ವ್ಯಾಸ 23 ಅಡಿ. ಎರಡೂ ದಡಗಳಿಂದ ಹೊರಟ ಶೀಲ್ಡ್‌ಗಳು 1906ರಲ್ಲಿ ಎದುರುಬದುರಾದವು. ಕೊಳವೆ ಉಬ್ಬರವಿಳಿತಕ್ಕೆ ಒಂಚೂರು ಅಲುಗಾಡುತ್ತಿದೆ ಅಂತ ಎಂಜಿನಿಯರುಗಳಿಗೆ ಚಿಂತೆಯೂ ಆಗಿತ್ತು. ಕೊರೆದ ಸುರಂಗ ಅಲುಗಾಡೀತೇ?

ಹಾಗಾದರೆ ಯಾವ ಪದ? ‘ತೋಡು’, ‘ಅಗೆ’ ಎರಡರಲ್ಲೂ ಮಣ್ಣು ಹೊರಗೆ ಎತ್ತುವ ಅರ್ಥ ಜಾಸ್ತಿ. ಬಾವಿಗೆ ಸಿಮೆಂಟ್ ರಿಂಗ್ ‘ಇಳಿಸಿದರು’ ಅನ್ನುತ್ತೇವಲ್ಲ, ಇದು ಅದೇ ಕೆಲಸ ಅಡ್ಡಡ್ಡಕ್ಕೆ. ಆದರೆ ಅಡ್ಡಡ್ಡಕ್ಕೆ ‘ಇಳಿಸು’ ಬರುವುದಿಲ್ಲ. ನನಗೆ ‘ತೂರಿಸು’ ಹಿಡಿಸಿದೆ: ‘ಹೂಳಿನೊಳಗೆ ಕಬ್ಬಿಣದ ಸುರಂಗ ತೂರಿಸಿದರು’. ಓದಲು ವಿಚಿತ್ರ ಅನ್ನಿಸುತ್ತದೆಯೇ? ಕೆಲವರು ಬರೆಯುವ ‘ಬೋಗದೆ’ ಬಿಟ್ಟಿದ್ದೇನೆ, ಅದು ಸುಮ್ನೆ ಬೆಟ್ಟವನ್ನೇ ನೆನಪಿಸುತ್ತದೆ.

ಇನ್ನೊಂದು ತೊಡಕು ಕೆಲಸಗಾರರ ಹೆಸರು. ನೀರು ನುಗ್ಗದಂತೆ ಒಳಗೆ ಗಾಳಿಯ ಒತ್ತಡ ಏರಿಸಿರುತ್ತಿದ್ದರು. ಆ ಒತ್ತಡದಲ್ಲಿ ದುಡಿಯುವವರು ತಮ್ಮನ್ನು ಸ್ಯಾಂಡ್‌ಹಾಗ್ ಅಂತ ಹೆಮ್ಮೆಯಿಂದಲೇ ಕರೆದುಕೊಳ್ಳುತ್ತಾರೆ, ಇವತ್ತಿಗೂ. ‘ಮರಳುಹಂದಿ’ ಅಂದರೆ ಬೈಗುಳ. ‘ಸುರಂಗ ಕಾರ್ಮಿಕ’ದಲ್ಲಿ ಆ ಹೆಮ್ಮೆ ಇಲ್ಲ. ಹಾಗೇ ಉಳಿಸಿಕೊಳ್ಳುವುದೇ ವಾಸಿ ಅಂತ ನನ್ನ ಮತ. ಬೇಗ ಹೊರಗೆ ಬಂದರೆ ಅವರ ರಕ್ತದಲ್ಲಿ ಸಾರಜನಕದ ಗುಳ್ಳೆ ಎದ್ದು ಕೀಲುಗಳು ಸೆಳೆಯುತ್ತಿದ್ದವು, ಜೀವವೂ ಹೋಗುತ್ತಿತ್ತು. ಇದಕ್ಕೆ ‘ವಾಯು’ ಅಂತ ಬರೆದರೆ ಓದುಗರು ಹೊಟ್ಟೆಯ ಗ್ಯಾಸ್ ಅಂದುಕೊಂಡು ನಗುತ್ತಾರೆ! ‘ಒತ್ತಡ ಬೇನೆ’ ಆದೀತೇ?

ಈಸ್ಟ್ ನದಿಯಲ್ಲಿ ಗಾಳಿಯೇ ಮೇಲಿನ ಮರಳನ್ನು ಒಡೆದುಕೊಂಡು ನದಿಗೆ ಚಿಮ್ಮುತ್ತಿತ್ತು. ತೂತು ಮುಚ್ಚಲು ದೋಣಿಗಟ್ಟಲೆ ಜೇಡಿಮಣ್ಣು ಸುರಿದರು. ಇದಕ್ಕೆ ‘ಗಾಳಿ ಒಡೆಯಿತು’ ಅಂತ ಬರೆದಿದ್ದೇನೆ, ಕಟ್ಟೆ ಒಡೆಯಿತು ಅನ್ನುವ ಹಾಗೆ.

ನಾನು ಬರೆದ ‘ಸ್ಟೇಷನ್’ ಅನ್ನು ‘ಕೊನೆ ನಿಲ್ದಾಣ’ ಅಂತ ಯಾರೂ ತಿದ್ದಬೇಡಿ. ಹಳಿಗಳು ಅಲ್ಲಿ ಮುಗಿಯುವುದಿಲ್ಲ, ಈಸ್ಟ್ ನದಿ ದಾಟಿ, ರೈಲುಗಳನ್ನು ನಿಲ್ಲಿಸಿಡುವ ಸನ್ನಿಸೈಡ್ ಯಾರ್ಡಿಗೆ ಹೋಗುತ್ತವೆ. ಬೇಕಾಗಿರುವುದು ‘ತೂರಿಸು’ ಬಗ್ಗೆ ನಿಮ್ಮ ಮಾತು. ಹಳಗನ್ನಡದಲ್ಲೋ ಒಡ್ಡರ ಮಾತಿನಲ್ಲೋ ಇದಕ್ಕಿಂತ ಒಳ್ಳೆಯ ಪದ ಇದ್ದರೆ, ಬಳಕೆಯ ಒಂದು ವಾಕ್ಯದ ಜೊತೆ ತಿಳಿಸಿ.