ಬೀಜದ ಅಂಗಡಿಗೆ ಲಿಂಕ್ ಎಲ್ಲಿಂದ ತರೋದು?

ತಾರಸಿ_ತೋಟ:
ನಮಸ್ಕಾರ. ಬೆಂಗಳೂರಿನ ವಿಜಯನಗರದಿಂದ ಆನ್‌ಲೈನ್ ಅಂಗಡಿ ನಡೆಸುತ್ತಿದ್ದೇನೆ. ತರಕಾರಿ ಬೀಜ, ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ), ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಕುಂಡದಲ್ಲಿ ಟೊಮೆಟೊ ಬೆಳೆಯೋದು ಹೇಗೆ ಅಂತ ಇಂಗ್ಲಿಷ್‌ನಲ್ಲಿ ಹುಡುಕಿದರೆ ಮೊದಲ ಪುಟದ ತುಂಬಾ ಅಮೆರಿಕ, ಇಂಗ್ಲೆಂಡಿನ ಸೈಟುಗಳು. ನಮ್ಮದು ನಾಲ್ಕನೇ ಪುಟದಲ್ಲಿ. ಹೋದ ವರ್ಷ ಒಬ್ಬರಿಗೆ 12,000 ರೂಪಾಯಿ ಕೊಟ್ಟು 500 ಬ್ಯಾಕ್‌ಲಿಂಕ್ ಹಾಕಿಸಿದೆ, ಅಂದರೆ ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್, ಹುಡುಕಾಟದಲ್ಲಿ ಮೇಲೆ ಬರಲಿ ಅಂತ. ಆಮೇಲೆ ನೋಡಿದರೆ ಜೂಜಿನ ಸೈಟು, ಸಾಲದ ಸೈಟು, ಯಾವ ಭಾಷೆ ಅಂತಾನೇ ಗೊತ್ತಾಗದ ಡೈರೆಕ್ಟರಿಗಳು. ಒಂದು ಮೆಟ್ಟಿಲೂ ಹತ್ತಲಿಲ್ಲ. ಅವನ್ನೆಲ್ಲ ತೆಗೆಸಬೇಕಾ? ಒಳ್ಳೆ ಲಿಂಕ್ ಸಿಗೋದಾದರೂ ಹೇಗೆ?

ಹಳೇ_ಗಿರಾಕಿ:
ಆ ದುಡ್ಡು ಮರೆತುಬಿಡಿ ಸರ್. 2011ರಲ್ಲಿ ನಾನೂ ಇದೇ ಕೆಲಸ ಮಾಡುತ್ತಿದ್ದೆ, ಆಗ ನಡೆಯುತ್ತಿತ್ತು. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಅಂತ, ಇಂಥ ಲಿಂಕ್ ಹಿಡಿಯುವ ಬದಲಾವಣೆ ಬಿಟ್ಟಿತು ನೋಡಿ, ನಾನು ನೋಡಿಕೊಳ್ಳುತ್ತಿದ್ದ ಸೈಟುಗಳೆಲ್ಲ ಮಕಾಡೆ ಮಲಗಿದವು. 2016ರಿಂದ ಇಂಥ ಲಿಂಕಿಗೆ ಶಿಕ್ಷೆ ಕೊಡೋದಕ್ಕಿಂತ ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡೋದೇ ಜಾಸ್ತಿ. ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಮ್ಯಾನುಯಲ್ ಆ್ಯಕ್ಷನ್ಸ್ ಅಂತ ಇದೆ, ಗೂಗಲ್‌ನವರು ಸೈಟಿಗೆ ಶಿಕ್ಷೆ ಹಾಕಿದ್ದರೆ ಅಲ್ಲಿ ತೋರಿಸುತ್ತದೆ, ಅದನ್ನು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ ಡಿಸ್‌ಅವೋ (ಈ ಲಿಂಕ್ ಲೆಕ್ಕಕ್ಕೆ ಬೇಡ ಅಂತ ಗೂಗಲ್‌ಗೆ ಪಟ್ಟಿ ಕೊಡೋದು) ತಂಟೆಗೆ ಹೋಗಬೇಡಿ, ಕೈತಪ್ಪಿ ಒಳ್ಳೆ ಲಿಂಕನ್ನೂ ಕಳೆದುಕೊಳ್ಳುತ್ತೀರಿ.

ಕುಂಡದ_ಕಾವೇರಿ:
ನಾನು ಬೀಜ ಕೊಳ್ಳುವವಳು, ಆ ಕಡೆಯಿಂದ ಹೇಳುತ್ತೇನೆ. ಆ ಸೈಟುಗಳಲ್ಲಿ ಕೊನೆಯ ಹಿಮ ಬಿದ್ದ ಮೇಲೆ ಬಿತ್ತಿ ಅಂತ ಇರುತ್ತದೆ. ನಮ್ಮ ಬೆಂಗಳೂರಲ್ಲಿ ಹಿಮ ಎಲ್ಲಿದೆ ಮಾರಾಯ್ರೆ! ನಮಗೆ ಬೇಕಾದ್ದು ಜೂನ್ ಮಳೆಗೆ ಯಾವ ಬೀಜ, ಬೇಸಿಗೆಯಲ್ಲಿ ತಾರಸಿ ಕಾದಾಗ ಯಾವುದು ಬದುಕುತ್ತದೆ ಅನ್ನೋದು. ಅವರೆಯನ್ನೇ ತಗೊಳ್ಳಿ. ನಾಟಿ ಅವರೆ ಯಾವಾಗ ಬಿತ್ತಿದರೂ ಹಗಲು ಚಿಕ್ಕದಾಗುವ ತನಕ ಹೂ ಬಿಡೋದಿಲ್ಲ, ಅದು ಗೊತ್ತಿಲ್ಲದೆ ನಾನು ಫೆಬ್ರುವರಿಯಲ್ಲಿ ಹಾಕಿ ಬರೀ ಬಳ್ಳಿ ನೋಡಿಕೊಂಡು ಕೂತಿದ್ದೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ ತಳಿಗೆ ಆ ಹಟ ಇಲ್ಲ, ವರ್ಷದಲ್ಲಿ ಯಾವಾಗ ಬೇಕಾದರೂ ಬಿಡುತ್ತದೆ. ಇದನ್ನೆಲ್ಲ ತಿಂಗಳವಾರು ಒಂದೇ ಪುಟದಲ್ಲಿ ಬರೆದು, ನಿಮ್ಮದೇ ತಾರಸಿಯ ಫೋಟೋ ಹಾಕಿ. ನಮ್ಮ ಅಪಾರ್ಟ್‌ಮೆಂಟ್ ಸೈಟಿನಲ್ಲಿ ನಾನೇ ಲಿಂಕ್ ಕೊಡುತ್ತೇನೆ, ಕಾಸು ಬೇಡ.

ಹಳೇ_ಗಿರಾಕಿ:
ಮೇಡಂ ಹೇಳಿದ್ದೇ ಸರಿ. ಇನ್ನೊಂದು, ನಿಮಗೆ ಗ್ರೋ ಬ್ಯಾಗ್ ಕೊಡುವ ತಯಾರಕರ ಸೈಟಿನಲ್ಲಿ ಮಾರಾಟಗಾರರ ಪಟ್ಟಿ ಇರುತ್ತದೆ ಅಲ್ವಾ? ಅದರಲ್ಲಿ ಹೆಸರು ಹಾಕಿಸಿ, ಒಂದು ಫೋನಿನ ಕೆಲಸ. ಕೈತೋಟ ಮಾಡಿಸುವ ಶಾಲೆಗಳಿಗೆ ಬೀಜ ಕೊಟ್ಟಿದ್ದರೆ ಅವರನ್ನೂ ಕೇಳಿ. ಬ್ಲಾಗ್‌ನವರಿಗೆ ಪುಕ್ಕಟೆ ಬೀಜ ಕಳಿಸಿ ಬರೆಸಿದರೆ ಮಾತ್ರ ಆ ಲಿಂಕಿಗೆ ಕೋಡ್‌ನಲ್ಲಿ ಸ್ಪಾನ್ಸರ್ಡ್ (ಪ್ರತಿಫಲ ಪಡೆದು ಕೊಟ್ಟದ್ದು) ಅಂತ ಗುರುತು ಹಾಕಿಸಬೇಕು, 2019ರಿಂದ ಗೂಗಲ್ ಅದಕ್ಕೇ ಅಂತ ಬೇರೆ ಗುರುತು ಕೊಟ್ಟಿದೆ.

ಗಲ್ಲಾಪೆಟ್ಟಿಗೆ:
ನನಗೆ ಅರ್ಥ ಆಗದ್ದು, ಟೊಮೆಟೊ ಬೆಳೆಯೋದು ಹೇಗೆ ಅಂತ ಕೇಳುವವರ ಹಿಂದೆ ಯಾಕೆ ಬಿದ್ದಿದ್ದೀರಿ? ಓದುತ್ತಾರೆ, ಹೋಗುತ್ತಾರೆ. 12 ಇಂಚಿನ ಗ್ರೋ ಬ್ಯಾಗ್ ಬೆಂಗಳೂರು ಅಂತ ಹುಡುಕುವವನು ಕೊಳ್ಳುತ್ತಾನೆ. ಲಂಡನ್ನಿನ ಅಂಗಡಿ ವಿಜಯನಗರಕ್ಕೆ ಕೋಕೋಪೀಟ್ ಕಳಿಸುತ್ತದಾ? ಅಲ್ಲಿ ನಿಮಗೆ ಅವರು ಪೈಪೋಟಿಯೇ ಅಲ್ಲ.

ತಾರಸಿ_ತೋಟ:
ಈಗಷ್ಟೇ ನೋಡಿದೆ, ಮ್ಯಾನುಯಲ್ ಆ್ಯಕ್ಷನ್ ಏನೂ ಇಲ್ಲ. ಮುಟ್ಟೋದಿಲ್ಲ. ಗ್ರೋ ಬ್ಯಾಗ್‌ನವರಿಗೆ ನಾಳೆ ಫೋನ್ ಮಾಡುತ್ತೇನೆ. ಬಿತ್ತನೆ ಪುಟ ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಲ್ಲಾ?

ಕುಂಡದ_ಕಾವೇರಿ:
ಮೊದಲು ಕನ್ನಡದಲ್ಲಿ ಬರೆಯಿರಿ. ನಮ್ಮತ್ತೆಗೂ ತೋರಿಸಬೇಕು, ತಾರಸಿ ಅವರದ್ದು.