ಹಳೆ ಮಸ್ಟಾಂಗ್ ತಗೊಳ್ಳಲಾ, ಆಡಿ ಟಿಟಿ ತಗೊಳ್ಳಲಾ? ಒಳಗೆ ಕೂತರೆ ಲೆಕ್ಕ ತಪ್ಪುತ್ತಿದೆ

ಜೀನ್ಸ್‌ಯೂನಿಟ್_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಯೂನಿಟ್. ಸ್ಪೋರ್ಟ್ಸ್ ಕಾರು ಅಂದರೆ ನನಗೆ ಮೊದಲಿಂದಲೂ ಪ್ರಾಣ. ಹೊಸದಕ್ಕೆ ದುಡ್ಡು ಸಾಲದು, ಅದಕ್ಕೇ ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದೇನೆ. ಹೈದರಾಬಾದಿನಲ್ಲಿ ಎರಡು ಗಾಡಿ ನೋಡಿ ಬಂದೆ. ಒಂದು 2016ರ ಫೋರ್ಡ್ ಮಸ್ಟಾಂಗ್ ಜಿಟಿ. ಇನ್ನೊಂದು ಅದೇ ವರ್ಷದ ಆಡಿ ಟಿಟಿ. ಮಸ್ಟಾಂಗಿಗೆ ಜಾಸ್ತಿ ಕೇಳುತ್ತಿದ್ದಾರೆ.

ತೊಂದರೆ ಇರುವುದು ಅಲ್ಲೇ. ಜಾಸ್ತಿ ದುಡ್ಡಿನ ಗಾಡಿಯ ಒಳಗೆ ಕೂತರೆ ಬಾಗಿಲ ಕೆಳಗಡೆ ಗಟ್ಟಿ ಪ್ಲಾಸ್ಟಿಕ್. ನಡುವೆ ಸಾಲಾಗಿ ಇರುವ ಸ್ವಿಚ್ಚುಗಳು ದೂರದಿಂದ ಉಕ್ಕಿನಂತೆ ಕಾಣುತ್ತವೆ, ಮುಟ್ಟಿದರೆ ಪ್ಲಾಸ್ಟಿಕ್. ಟಿಟಿಯಲ್ಲಿ ಎಸಿ ಗಾಳಿ ಬರುವ ದುಂಡನೆ ಕಿಂಡಿಯ ನಡುವೆಯೇ ತಿರುಗಿಸುವ ಗುಂಡಿ ಇದೆ. ತಿರುಗಿಸಿದರೆ ಕಟ್ ಕಟ್ ಅಂತ ಒಂದೇ ತೂಕದಲ್ಲಿ ಕೂರುತ್ತದೆ. ಡಿಗ್ರಿ ಅದರೊಳಗೇ ಕಾಣುತ್ತದೆ. ನಾನು ಇಡೀ ದಿನ ಹೊಲಿಗೆಯ ಮೇಲೆ ಬೆರಳಾಡಿಸುವವನು. ಒಳ್ಳೆ ಕೆಲಸ ಯಾವುದು, ಒಪ್ಪಿಸಿ ಕೈತೊಳೆದುಕೊಂಡ ಕೆಲಸ ಯಾವುದು ಅಂತ ಕೈಗೆ ಗೊತ್ತಾಗುತ್ತದೆ.

ಆದರೆ ಮಸ್ಟಾಂಗ್ ಸ್ಟಾರ್ಟ್ ಮಾಡಿದಾಗ ಆ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಶಬ್ದಕ್ಕೆ ಮೈ ಝುಮ್ಮೆಂದಿತು. ನನ್ನ ಪ್ರಶ್ನೆ ಇಷ್ಟೇ. ಸ್ಪೋರ್ಟ್ಸ್ ಕಾರಿನಲ್ಲಿ ಒಳಗಿನ ಕೆಲಸಕ್ಕೆ ಎಷ್ಟು ಬೆಲೆ ಕೊಡಬೇಕು?

ರಾಯಚೂರು_ವಿ8

ಸರ್, ಮಸ್ಟಾಂಗನ್ನು ನಮ್ಮ ದೇಶದ ಬೆಲೆ ಇಟ್ಟುಕೊಂಡು ಅಳೆಯಬೇಡಿ. 2016ರಲ್ಲಿ ಇಲ್ಲಿಗೆ ಬಂದಾಗ ಎಕ್ಸ್ ಶೋರೂಮ್ 65 ಲಕ್ಷ. ಅದೇ ಹೊತ್ತಿಗೆ ಅಮೆರಿಕದಲ್ಲಿ ಜಿಟಿ ಬೆಲೆ ಶುರುವಾಗುತ್ತಿದ್ದದ್ದು ಸುಮಾರು 33 ಸಾವಿರ ಡಾಲರಿಗೆ. ಆಗಿನ ಲೆಕ್ಕದಲ್ಲಿ 22 ಲಕ್ಷದ ಆಸುಪಾಸು. ಅಲ್ಲಿ ಟಿಟಿ 43 ಸಾವಿರ ಡಾಲರಿನ ಹತ್ತಿರ ಇತ್ತು. ಅಂದರೆ ಅಮೆರಿಕದಲ್ಲಿ ಟಿಟಿಯೇ ದುಬಾರಿ ಗಾಡಿ. ಇಲ್ಲಿಗೆ ಬಂದ ಮೇಲೆ ತಿರುವು ಮುರುವಾಯಿತು. ಮಸ್ಟಾಂಗ್ ಎಂಜಿನ್ 5 ಲೀಟರ್, ಗಾಡಿ ಪೂರ್ತಿ ತಯಾರಾಗಿ ಹಡಗಿನಲ್ಲಿ ಬಂದದ್ದು. 3 ಲೀಟರ್ ದಾಟಿದ ಪೆಟ್ರೋಲ್ ಎಂಜಿನ್ನಿಗೆ ಆಗ ಶೇ 100 ಕಸ್ಟಮ್ಸ್ ಸುಂಕ, ಅದರ ಮೇಲೆ ಮಿಕ್ಕ ತೆರಿಗೆ. ನೀವು ಕೊಡುವ ಜಾಸ್ತಿ ದುಡ್ಡಿನಲ್ಲಿ ದೊಡ್ಡ ಪಾಲು ಹೋದದ್ದು ಬಂದರಿನಲ್ಲಿ. ಅದು ಡ್ಯಾಶ್‌ಬೋರ್ಡಿನಲ್ಲಿ ಹೇಗೆ ಕಾಣುತ್ತದೆ ಹೇಳಿ?

ಇನ್ನೊಂದು ಮಾತು. ಫೆರಾರಿ ಎಫ್40 ಬಂದದ್ದು 1987ರಲ್ಲಿ. ಒಳಗೆ ಕಾರ್ಪೆಟ್ ಇಲ್ಲ. ಬಾಗಿಲು ತೆಗೆಯಲು ಹಿಡಿ ಇಲ್ಲ, ಎಳೆಯಲು ಒಂದು ದಾರ. ಅದನ್ನು ಯಾರಾದರೂ ಕಳಪೆ ಅಂದರಾ? ತೂಕ ಉಳಿಸಲು ಬಿಟ್ಟದ್ದು ಅಂತ ಎಲ್ಲರಿಗೂ ಗೊತ್ತಿತ್ತು. ಪೋರ್ಷೆ 911 ಜಿಟಿ3 ಆರ್‌ಎಸ್ ಬಾಗಿಲಿಗೆ ಇವತ್ತಿಗೂ ಬಟ್ಟೆ ಪಟ್ಟಿ. ಜನ ಅದಕ್ಕೇ ಖುಷಿಯಿಂದ ದುಡ್ಡು ಕೊಡುತ್ತಾರೆ. ನನ್ನ ಓಟು ಮಸ್ಟಾಂಗಿಗೆ.

ಕುಷನ್‌ವರ್ಕ್ಸ್_ಕೌಲ್‌ಬಜಾರ್

ಸರ್, ನನ್ನದು ಕುಷನ್ ಅಂಗಡಿ. ಲಾರಿ ಸೀಟಿನಿಂದ ಹಿಡಿದು ಮೈನಿಂಗ್ ಕಾಲದಲ್ಲಿ ಊರಿಗೆ ಬಂದ ದೊಡ್ಡ ದೊಡ್ಡ ಗಾಡಿಗಳ ತನಕ ಬಿಚ್ಚಿ ಹೊಲಿದಿದ್ದೇನೆ. ರಾಯಚೂರಿನವರು ಸುಂಕದ ಬಗ್ಗೆ ಹೇಳಿದ್ದು ಸರಿ. ಆದರೆ ಎಫ್40 ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಬೇಡ ಅಂತ ಬಿಟ್ಟದ್ದು ಬೇರೆ, ಇದ್ದಂತೆ ತೋರಿಸಿದ್ದು ಬೇರೆ. ದಾರ ಕಟ್ಟಿದ ಬಾಗಿಲು ದಾರ ಅಂತಲೇ ಹೇಳುತ್ತದೆ. ಉಕ್ಕಿನ ಬಣ್ಣ ಬಳಿದ ಪ್ಲಾಸ್ಟಿಕ್ ಹಾಗಲ್ಲ.

ಆದರೂ ನೀವು ಮುಟ್ಟಿ ನೋಡಿದ ಜಾಗ ಸರಿಯಿಲ್ಲ ಅನ್ನುತ್ತೇನೆ. ಬಾಗಿಲ ಕೆಳಗಿನ ಪ್ಲಾಸ್ಟಿಕ್ಕನ್ನು ಓಡಿಸುವಾಗ ಯಾರು ಮುಟ್ಟುತ್ತಾರೆ? ಗಾಡಿ ಓಡುವಾಗ ನಿಮ್ಮ ಮೈ ತಾಗುವುದು ಸ್ಟೀರಿಂಗಿಗೆ, ಗೇರ್ ಹಿಡಿಗೆ, ಪೆಡಲಿಗೆ, ಸೀಟಿಗೆ. ಸ್ಪೋರ್ಟ್ಸ್ ಕಾರಿನ ಒಳಗಿನ ಬೆಲೆ ಇರುವುದು ಈ ನಾಲ್ಕರಲ್ಲಿ. ಅದನ್ನೂ ಹೊಸ ಗಾಡಿಯಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ. ಶೋರೂಮಿನ ದೀಪದ ಕೆಳಗೆ ಎಲ್ಲವೂ ಚಂದ. ಬಿಸಿಲಲ್ಲಿ ಕೆಲವು ವರ್ಷ ನಿಂತ ಗಾಡಿಯಲ್ಲಿ ನೋಡಬೇಕು. ಅದಕ್ಕೇ ಹಳೆ ಗಾಡಿ ನೋಡುತ್ತಿರುವುದು ನಿಮಗೆ ಅನುಕೂಲ.

ನಮ್ಮ ಊರಿನ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟುತ್ತದೆ. ಆ ಕಾವಿಗೆ ತೊಗಲು ಒಣಗಿ ಕುಗ್ಗುತ್ತದೆ. ಮುಂದಿನ ಗಾಜಿನ ಬುಡದಲ್ಲಿ, ಏರ್‌ಬ್ಯಾಗ್ ಮುಚ್ಚಳದ ಅಂಚಿನಲ್ಲಿ ಮೊದಲು ಎದ್ದು ಬರುತ್ತದೆ. ಕೋಟಿ ಬೆಲೆಯ ಗಾಡಿಗೂ ಇದು ತಪ್ಪಿದ್ದಲ್ಲ. 1990ರ ದಶಕದ ಫೆರಾರಿಗಳಲ್ಲಿ ಇನ್ನೊಂದು ಕಾಟ ಇದೆ. ಗುಂಡಿಗಳಿಗೆ ಮೆತ್ತಗಿರಲಿ ಅಂತ ರಬ್ಬರಿನಂಥ ಒಂದು ಲೇಪ ಹಚ್ಚಿದ್ದರು. ಕಾವು, ತೇವ, ಕೈ ಬೆವರು ಸೇರಿ ಆ ಲೇಪ ಕರಗಿ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಗಟ್ಟಿ ಪ್ಲಾಸ್ಟಿಕ್‌ಗೆ ಆ ರೋಗ ಇಲ್ಲ. ನೀವು ಬೈದ ಆ ಬಾಗಿಲ ಪ್ಲಾಸ್ಟಿಕ್ ನಮ್ಮ ಕೆಂಪು ಧೂಳಿನಲ್ಲಿ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಬಹಳ ವರ್ಷ ಹಾಗೇ ಇರುತ್ತದೆ.

ಈಗ ಸೀಟು. ಸ್ಪೋರ್ಟ್ಸ್ ಸೀಟಿನ ಎರಡೂ ಕಡೆ ಎತ್ತರದ ದಂಡೆ ಇರುತ್ತದೆ, ತಿರುವಿನಲ್ಲಿ ಮೈ ಹಿಡಿಯಲು. ಡ್ರೈವರ್ ಇಳಿಯುವುದು ಬಲಗಡೆ. ಪ್ರತಿ ಸಲ ತೊಡೆ ಆ ಬಲ ದಂಡೆಯನ್ನು ಉಜ್ಜುತ್ತದೆ. ಕಾರಿನ ತೊಗಲಿನ ಮೇಲೆ ಬಣ್ಣದ ತೆಳು ಪದರ ಇರುತ್ತದೆ. ಮೊದಲು ಹೋಗುವುದು ಅದು, ಆಮೇಲೆ ತೊಗಲು ಬಿರಿಯುತ್ತದೆ. ನೀವು ಜೀನ್ಸಿನವರು, ನಿಮಗೆ ಬೇಗ ತಿಳಿಯುತ್ತದೆ. ಜೇಬಿನ ಮೂಲೆಯ ರಿವೆಟ್ ಇದೆಯಲ್ಲ, ಅದೇ ಗೀರುವುದು. ಹೊಸ ಜೀನ್ಸಿನ ನೀಲಿ ತಿಳಿ ಬಣ್ಣದ ಸೀಟಿಗೆ ಹತ್ತಿದರೆ ಬಿಡಿಸುವುದು ಕಷ್ಟ. ಬಳ್ಳಾರಿಯಲ್ಲಿ ಕ್ರೀಮ್ ಸೀಟಿನ ಗಾಡಿ ತಗೊಳ್ಳುವವರಿಗೆ ನಾನು ಮೊದಲೇ ಬೇಡ ಅನ್ನುತ್ತೇನೆ.

ಮತ್ತೆ ಹೈದರಾಬಾದಿಗೆ ಹೋದಾಗ ಹೀಗೆ ಮಾಡಿ. ಬಲ ದಂಡೆಯನ್ನು ಅಂಗೈಯಿಂದ ಒತ್ತಿ ಹಿಡಿದು ಬಿಡಿ. ಒಳಗಿನ ಫೋಮ್ ಕೂಡಲೇ ಮೇಲೆ ಬರಬೇಕು. ಬರದಿದ್ದರೆ ಒಳಗೆ ಕುಸಿದಿದೆ, ಮೇಲೆ ಎಷ್ಟೇ ಪಾಲಿಶ್ ಹೊಡೆದಿರಲಿ. ಹೊಲಿಗೆಯ ಎರಡು ಪಕ್ಕ ಹಿಡಿದು ಮೆಲ್ಲಗೆ ಎಳೆಯಿರಿ, ಸೂಜಿ ತೂತು ಅಗಲವಾಗಿವೆಯಾ ನೋಡಿ. ದಾರ ಸರಿಯಿದ್ದು ತೂತು ಅಗಲವಾಗಿದ್ದರೆ ತೊಗಲು ಸತ್ತಿದೆ ಅಂತ. ಸ್ಟೀರಿಂಗಿನ ಮೇಲೆ ಕೈ ಹಿಡಿಯುವ ಜಾಗ ಹೊಳೆಯುತ್ತಿದ್ದರೆ ಅದು ಜಿಡ್ಡು. ಗಾಡಿ ತುಂಬ ಓಡಿರಬಹುದು, ಮೀಟರ್ ಏನೇ ತೋರಿಸಲಿ.

ಟಿಟಿ ಒಳಗೆ ಮಾಡಿದ ಕೆಲಸ ಈ ಎರಡರಲ್ಲಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಗುಣ ಕಟ್ಟಿದ ದಿನ ಎಷ್ಟಿತ್ತು ಅನ್ನುವುದಕ್ಕಿಂತ ಈಗ ಎಷ್ಟು ಉಳಿದಿದೆ ಅನ್ನುವುದಕ್ಕೆ ದುಡ್ಡು ಕೊಡಿ.

ಹೊಸಪೇಟೆ_ತಿರುವು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗಾಡಿಯ ಹೊರಗನ್ನು ಊರವರು ನೋಡುತ್ತಾರೆ, ಮಾಲೀಕ ನೋಡುವುದು ಒಳಗನ್ನೇ. ಹೊಸಪೇಟೆಯಿಂದ ಬಳ್ಳಾರಿಗೆ ಅದಿರು ಲಾರಿಗಳ ಹಿಂದೆ ಹೋಗುವಾಗ ವಿ8 ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಅಲ್ವಾ? ಆಗ ಕಣ್ಣ ಮುಂದಿರುವುದು ಡ್ಯಾಶ್‌ಬೋರ್ಡ್. ಟಿಟಿಯಲ್ಲಿ ನಡುವೆ ಸ್ಕ್ರೀನೇ ಇಲ್ಲ, ಸ್ಟೀರಿಂಗಿನ ಹಿಂದೆ 12.3 ಇಂಚಿನ ಒಂದೇ ಸ್ಕ್ರೀನು. 2015ರಲ್ಲಿ ಅದು ದೊಡ್ಡ ಸಂಗತಿ. ಇವತ್ತು ನೋಡಿದರೂ ಹಳೆಯದು ಅನ್ನಿಸುವುದಿಲ್ಲ.

ಆದರೆ ಒಂದು ವಿಷಯ ತಿಳಿದಿರಲಿ. ಟಿಟಿಯ ಕೆಳಗಿರುವುದು ಎಂಕ್ಯೂಬಿ ಅನ್ನುವ ಅಡಿಪಾಯ, ಫೋಕ್ಸ್‌ವ್ಯಾಗನ್ ಗಾಲ್ಫ್‌ಗೂ ಆಡಿ ಎ3ಗೂ ಬಳಸಿದ್ದು ಅದನ್ನೇ. ಹೀಗೆ ಹಂಚಿಕೊಂಡು ಉಳಿಸಿದ ದುಡ್ಡನ್ನು ಒಳಗೆ ಹಾಕಿದ್ದಾರೆ. ಮಸ್ಟಾಂಗಿನವರು ದುಡ್ಡನ್ನು ಎಂಜಿನ್ನಿಗೆ ಹಾಕಿದ್ದಾರೆ. ಇನ್ನು ಫೋರ್ಡ್ 2021ರಲ್ಲಿ ಇಲ್ಲಿ ಗಾಡಿ ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂತ ಹೇಳಿತು. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿ.

ಜೀನ್ಸ್‌ಯೂನಿಟ್_ಬಳ್ಳಾರಿ

ಎಲ್ಲರಿಗೂ ಧನ್ಯವಾದ. ಕುಷನ್ ಅಣ್ಣ, ನೀವು ಹೇಳಿದಂತೆ ಟಿಟಿ ಮಾಲೀಕರಿಗೆ ಫೋಟೊ ಕಳಿಸಲು ಹೇಳಿದೆ. ಬಲ ದಂಡೆಯ ಮೇಲೆ ಬಣ್ಣ ಹೋಗಿದೆ, ಹೊಲಿಗೆ ಹತ್ತಿರ ಬಿರುಕೂ ಇದೆ. ಮಸ್ಟಾಂಗ್ ಸೀಟು ಕಪ್ಪು, ಫೋಟೊದಲ್ಲಿ ಚೆನ್ನಾಗಿದೆ. ಮನಸ್ಸು ಆ ಕಡೆ ವಾಲುತ್ತಿದೆ. ಫೋಮ್ ಒತ್ತಿ ನೋಡಿದ ಮೇಲೆಯೇ ಮಾತು ಮುಗಿಸುತ್ತೇನೆ. ಒಂದು ವೇಳೆ ತಗೊಂಡರೆ ಮೊದಲ ದಿನವೇ ಒಳ್ಳೆ ಸೀಟ್ ಕವರ್ ಹಾಕಿಸಿಬಿಟ್ಟರೆ ತೊಗಲು ಉಳಿಯುತ್ತದೆ ಅಲ್ವಾ?

ಕುಷನ್‌ವರ್ಕ್ಸ್_ಕೌಲ್‌ಬಜಾರ್

ಬೇಡ ಸರ್. ಆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದೆ. ಆ ಜಾಗದ ಹೊಲಿಗೆಯನ್ನು ಬೇಕೆಂದೇ ಹರಿಯುವಂತೆ ಹೊಲಿದಿರುತ್ತಾರೆ. ಗುದ್ದಿದಾಗ ಬ್ಯಾಗು ಅಲ್ಲಿಂದಲೇ ಹೊರಗೆ ಬರಬೇಕು. ಮೇಲೆ ಬಿಗಿಯಾಗಿ ರೆಕ್ಸಿನ್ ಕವರ್ ಹಾಕಿದರೆ ದಾರಿ ಕಟ್ಟಿದ ಹಾಗೆ. ಇದು ನನ್ನ ದುಡಿಮೆ, ಆದರೂ ಅಂಥ ಸೀಟಿಗೆ ನಾನು ಕವರ್ ಹೊಲಿದು ಕೊಡುವುದಿಲ್ಲ. ಬೇರೆ ಯಾರಾದರೂ ಹೊಲಿದು ಕೊಡುತ್ತೇನೆ ಅಂದರೂ ಒಪ್ಪಬೇಡಿ.

ನಿಲ್ಲಿಸುವಾಗ ಮುಂದಿನ ಗಾಜಿಗೆ ನೆರಳಿನ ಹಾಳೆ ಇಡಿ. ಇಳಿಯುವಾಗ ದಂಡೆಯ ಮೇಲೆ ಜಾರಬೇಡಿ, ಕಾಲು ಹೊರಗಿಟ್ಟು ಮೇಲೆದ್ದು ಇಳಿಯಿರಿ. ಟಿಟಿಯವರು ಬೆಲೆ ಇಳಿಸುತ್ತೇನೆ ಅಂದರೆ ಆ ಫೋಟೊ ನನಗೂ ಹಾಕಿ. ಡ್ರೈವರ್ ಸೀಟಿನ ದಂಡೆಯ ತೊಗಲು ಬದಲಿಸಲು ಎಷ್ಟಾಗುತ್ತದೆ ಅಂತ ನೋಡಿ ಹೇಳುತ್ತೇನೆ. ಅಷ್ಟನ್ನು ಕಡಿಮೆ ಮಾಡಿಸಿ.